ಯಾವ ಸ್ಕ್ಯಾನ್‌ಗೆ ಏನು ಕಾಣುವುದಿಲ್ಲ, ಅದನ್ನು ಬರೆಯಿರಿ

ನಮಸ್ಕಾರ.

ಕ್ಯಾನ್ಸರ್ ಮಿದುಳಿಗೆ ಹರಡಿದರೆ ಸ್ಕ್ಯಾನ್‌ನಲ್ಲಿ ಹೇಗೆ ಪತ್ತೆ ಮಾಡುತ್ತಾರೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ. ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕು.

ಮೊದಲು ತಪ್ಪಿನ ಮಾತು. ‘ಪೆಟ್ ಸ್ಕ್ಯಾನ್ ಮಾಡಿಸಿದರೆ ಮಿದುಳೂ ಸೇರಿ ಮೈಯೆಲ್ಲ ಗೊತ್ತಾಗುತ್ತದೆ’ ಎಂದಿದ್ದೀರಿ. ಸಾಮಾನ್ಯ ಪೆಟ್ ಸ್ಕ್ಯಾನ್ ತೋರಿಸುವುದು ಕ್ಯಾನ್ಸರ್‌ನಂತೆ ಸಕ್ಕರೆ ಜಾಸ್ತಿ ಹೀರುವ ಜಾಗವನ್ನು. ಮಿದುಳು ಮೈತೂಕದ ಶೇ 2ರಷ್ಟೇ ಇದ್ದರೂ ದೇಹದ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಹಾಗಾಗಿ ಮಿದುಳು ಸಹಜವಾಗಿಯೇ ಹೊಳೆಯುತ್ತದೆ. ಆ ಹೊಳಪಿನಲ್ಲಿ ಸಣ್ಣ ಗೆಡ್ಡೆ ಮುಚ್ಚಿಹೋಗುತ್ತದೆ.

ಎಂಆರ್‌ಐಗೆ ‘ಅತ್ಯಾಧುನಿಕ ತಂತ್ರಜ್ಞಾನ’ ಎಂಬ ಒಂದೇ ಸಾಲು ಕೊಟ್ಟಿದ್ದೀರಿ. ನಿಮ್ಮ ಲೇಖನದ ಜೀವ ಇರಬೇಕಾದದ್ದು ಅಲ್ಲೇ ಅಲ್ವಾ? ಕೈಯ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಎಂಬ ಲೋಹ ಇರುವ ಕಾಂಟ್ರಾಸ್ಟ್, ಅಂದರೆ ಚಿತ್ರದಲ್ಲಿ ವ್ಯತ್ಯಾಸ ಎದ್ದು ಕಾಣಿಸುವ ದ್ರವ, ಚುಚ್ಚುತ್ತಾರೆ. ಮಿದುಳಿನ ರಕ್ತನಾಳಗಳ ಗೋಡೆ ಬಿಗಿ, ಆ ದ್ರವ ಹೊರಗೆ ಬರುವುದಿಲ್ಲ. ಆದರೆ ಗೆಡ್ಡೆಯ ನಾಳಗಳು ಸೋರುತ್ತವೆ. ಸೋರಿದ ಕಡೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಗೆಡ್ಡೆಯ ನಡುಭಾಗ ಸತ್ತಿದ್ದರೆ ಒಳಗೆ ಕಪ್ಪು, ಸುತ್ತ ಬಿಳಿ ಬಳೆ. ಹೆಚ್ಚಾಗಿ ಇವು ಮಿದುಳಿನ ಬೂದು ಭಾಗ ಮತ್ತು ಬಿಳಿ ಭಾಗ ಸೇರುವ ಗಡಿಯಲ್ಲಿರುತ್ತವೆ. ಅಲ್ಲಿ ರಕ್ತನಾಳ ಕಿರಿದಾಗುತ್ತದೆ, ರಕ್ತದಲ್ಲಿ ಬಂದ ಕ್ಯಾನ್ಸರ್ ಕೋಶ ಸಿಕ್ಕಿಕೊಳ್ಳುತ್ತದೆ. ಸುಮಾರು 1 ಮಿಲಿಮೀಟರ್ ದಪ್ಪದ ಪದರಗಳಲ್ಲಿ ಚಿತ್ರ ತೆಗೆದರೆ ಕೆಲವೇ ಮಿಲಿಮೀಟರಿನ ಚುಕ್ಕೆಯೂ ಸಿಗುತ್ತದೆ. ಇಷ್ಟನ್ನು ನಿಧಾನವಾಗಿ ಬರೆಯಿರಿ. ಓದುಗರು ಖಂಡಿತ ಓದುತ್ತಾರೆ.

‘ಸಿಟಿ ನಾರ್ಮಲ್ ಬಂದರೆ ನಿಶ್ಚಿಂತೆ’ ಎಂಬ ವಾಕ್ಯವನ್ನು ಇವತ್ತೇ ಹೊಡೆದುಹಾಕಿ. ಅದನ್ನು ನಂಬಿ ಯಾರಾದರೂ ಸುಮ್ನೆ ಕೂತರೆ? ಸಿಟಿ ಬೇಗ ಮುಗಿಯುತ್ತದೆ. ತುರ್ತಿನಲ್ಲಿ ರಕ್ತಸ್ರಾವ, ದೊಡ್ಡ ಊತ ತೋರಿಸುತ್ತದೆ. ಎಂಆರ್‌ಐ ಮಾಡಲಾಗದವರಿಗೆ ಅದೇ ಆಸರೆ. ಆದರೆ ಸಣ್ಣ ಗೆಡ್ಡೆಗಳು, ಅದರಲ್ಲೂ ತಲೆಯ ಹಿಂಭಾಗದ ದಪ್ಪ ಮೂಳೆಯ ಬಳಿ ಇರುವವು, ಅದರ ಕಣ್ಣು ತಪ್ಪಿಸುತ್ತವೆ.

ಮೊದಲ ಪುಟದಲ್ಲಿ ‘ಮಾರಕ’, ‘ಭೀಕರ’ ಆರು ಕಡೆ ಬಂದಿವೆ. ಎಲ್ಲವನ್ನೂ ತೆಗೆಯಿರಿ. ಓದುವವರ ಮನೆಯಲ್ಲೇ ರೋಗಿ ಇರಬಹುದು.

ಒಂದು ವಿಷಯ ಪೂರ್ತಿ ಬಿಟ್ಟುಹೋಗಿದೆ. ರೇಡಿಯೇಷನ್ ಚಿಕಿತ್ಸೆ ಆಗಿ ಕೆಲವು ತಿಂಗಳಾದ ಮೇಲೆ ಕೆಲವರಲ್ಲಿ ಅದೇ ಜಾಗ ಮತ್ತೆ ಬೆಳ್ಳಗಾಗುತ್ತದೆ. ಕ್ಯಾನ್ಸರ್ ಮರಳಿತೇ, ಅಥವಾ ರೇಡಿಯೇಷನ್‌ನಿಂದ ಅಲ್ಲಿನ ಅಂಗಾಂಶ ಸತ್ತಿದೆಯೇ? ಸಾಮಾನ್ಯ ಎಂಆರ್‌ಐಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಆಗ ರಕ್ತದ ಹರಿವನ್ನು ಅಳೆಯುವ ಎಂಆರ್‌ಐ, ಸಕ್ಕರೆಯ ಬದಲು ಅಮೈನೋ ಆಮ್ಲ (ಪ್ರೋಟೀನಿನ ಘಟಕ) ಬಳಸುವ ಪೆಟ್ ನೆರವಿಗೆ ಬರುತ್ತವೆ. ಅಮೈನೋ ಆಮ್ಲವನ್ನು ಆರೋಗ್ಯವಂತ ಮಿದುಳು ಕಡಿಮೆ ಹೀರುತ್ತದೆ, ಅದಕ್ಕೇ ಗೆಡ್ಡೆ ಎದ್ದು ಕಾಣುತ್ತದೆ. ಕೆಲವೊಮ್ಮೆ ಕೆಲವು ವಾರ ಕಾದು ಮತ್ತೆ ಸ್ಕ್ಯಾನ್ ಮಾಡಬೇಕಾಗುತ್ತದೆ. ಆ ಕಾಯುವಿಕೆ ಮನೆಯವರಿಗೆ ಬಲು ಕಷ್ಟ. ಏಕೆ ಕಾಯಬೇಕು ಎಂಬುದನ್ನು ನೀವು ಬರೆಯಲೇಬೇಕು.

ತಿದ್ದಿದ ಮೇಲೆ ಸ್ಕ್ಯಾನ್ ಓದುವ ವೈದ್ಯರಿಗೆ, ಅಂದರೆ ಒಬ್ಬ ರೇಡಿಯಾಲಜಿಸ್ಟ್‌ಗೆ ತೋರಿಸಿ, ನಂತರ ನನಗೆ ಕಳಿಸಿ.