ಎರಡು ತಿಂಗಳ ವರ್ದಿ, ಹತ್ತು ತಿಂಗಳ ಪಗಾರ

ಪ್ರಶ್ನೆ: ನಾವು ಮುಧೋಳ ತಾಲ್ಲೂಕಿನವರು, ನಾಲ್ಕು ಎಕರೆ ಕಬ್ಬು ಐತಿ. ಮಗನಿಗೆ 24 ವರ್ಷ, ಬಿ.ಕಾಂ. ಆಗೇದ. ಇಲ್ಲೇ ಒಂದು ಸೌಹಾರ್ದ ಸಹಕಾರಿಯೊಳಗ 17 ಸಾವಿರ ಪಗಾರ. ಅಗ್ನಿವೀರ ಭರ್ತಿಗೆ ಎರಡು ಸಲ ಹೋಗಿ ರನ್ನಿಂಗದಾಗ ಹೊರಗ ಬಿದ್ದ, ಈಗ ಅದಕ್ಕ ವಯಸ್ಸೂ ಮೀರೇದ. ‘ಟೆರಿಟೋರಿಯಲ್ ಆರ್ಮಿ ಸೇರತೀನಿ, ವರ್ಷಕ್ಕ ಎರಡ ತಿಂಗಳ ಹೋದ್ರ ಸಾಕು’ ಅಂತ ನೌಕರಿ ಬಿಟ್ಟು ತಯಾರಿ ಮಾಡಾಕ ಹೊಂಟಾನ. ವಿಜಯಪುರದಾಗ ಒಬ್ರು, ಮೂರು ಲಕ್ಷ ಕೊಟ್ರ ಬೆಳಗಾವಿ ಭರ್ತಿಯೊಳಗ ‘ಸೆಟ್ಟಿಂಗ್’ ಮಾಡಸ್ತೀನಿ ಅಂದಾರ. ಮನಿಯವ್ರು ಒಬ್ಬನ ಮಗ ಅಂತ ಅವನ ಕೂಡ ಮಾತ ಬಿಟ್ಟಾರ. ನಾ ಯಾರ ಕಡೆ ನಿಲ್ಲಲಿ?

ಉತ್ತರ: ಅಕ್ಕಾರೇ, ಮೊದಲು ಆ ಮೂರು ಲಕ್ಷದ ಮಾತು ಮುಗಿಸೋಣ. ಕೊಡಬೇಡಿ. ಈ ದಂಧೆಯವರು ಇಪ್ಪತ್ತು ಹುಡುಗರ ಹತ್ತಿರ ರೊಕ್ಕ ಎತ್ತುತ್ತಾರೆ, ಯಾರಿಗೂ ಏನೂ ಮಾಡುವುದಿಲ್ಲ. ಇಪ್ಪತ್ತರಲ್ಲಿ ಒಬ್ಬಿಬ್ಬರು ತಮ್ಮ ಕಾಲಿನ ಬಲದಿಂದಲೇ ಪಾಸಾದರೆ, ‘ನೋಡ್ರಿ, ಕೆಲಸ ಆತು’ ಎಂದು ಆ ರೊಕ್ಕ ಉಳಿಸಿಕೊಳ್ಳುತ್ತಾರೆ. ಉಳಿದವರದು ವರ್ಷಗಟ್ಟಲೆ ಸತಾಯಿಸಿ ಅರ್ಧ ವಾಪಸ್, ಅದೂ ಸಿಕ್ಕರೆ. ಇದಕ್ಕಿಂತ ಕೆಟ್ಟದ್ದು, ಭದ್ರತೆಗೆಂದು ಎಸ್ಸೆಸ್ಸೆಲ್ಸಿಯ ಮೂಲ ಅಂಕಪಟ್ಟಿ ಇಸಿದುಕೊಳ್ಳುವುದು. ಅದು ಇನ್ನೊಬ್ಬರ ಕಪಾಟಿನಲ್ಲಿ ಕುಳಿತರೆ ಮುಂದಿನ ಯಾವ ಭರ್ತಿಗೂ ಹುಡುಗ ನಿಲ್ಲಲಾರ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ತರಿಸಿಕೊಳ್ಳಿ.

ಇನ್ನು ‘ಎರಡು ತಿಂಗಳು’. ಅದು ಅರ್ಧ ಖರೆ. 1948ರ ಕಾಯ್ದೆಯಿಂದ ಹುಟ್ಟಿದ ಈ ಪಡೆಯನ್ನು 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ರಾಜಾಜಿ ಉದ್ಘಾಟಿಸಿದರು. ಬೇರೆ ಕಡೆ ದುಡಿಯುವ ನಾಗರಿಕನಿಗೆ ತರಬೇತಿ ಕೊಟ್ಟು ಇಟ್ಟುಕೊಳ್ಳುವುದು, ಬೇಕಾದಾಗ ಕರೆಯುವುದು ಇದರ ಲೆಕ್ಕ. ಕರೆ ಬಂದರೆ ಎರಡು ತಿಂಗಳಿಗೇ ನಿಲ್ಲುತ್ತದೆ ಎನ್ನುವ ಹಾಗಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 32 ಪದಾತಿ ಬೆಟಾಲಿಯನ್‌ಗಳ ಪೈಕಿ 14ನ್ನು ಸೇವೆಗೆ ಕರೆಸಿಕೊಳ್ಳಲು ಭೂಸೇನೆಯ ಮುಖ್ಯಸ್ಥರಿಗೆ ಅಧಿಕಾರ ಕೊಟ್ಟಿತು. ಹಾಗೆ ಕರೆಸಿಕೊಂಡಷ್ಟು ದಿನ ಸೇನೆಯ ಪಗಾರ, ಸೇನೆಯ ಸವಲತ್ತು. ಮನೆಗೆ ಕಳಿಸಿದ ದಿನದಿಂದ ಪಗಾರ ಬಂದ್. ಪಿಂಚಣಿಗೂ ಹೆಸರು ಪಟ್ಟಿಯಲ್ಲಿದ್ದ ವರ್ಷ ಲೆಕ್ಕಕ್ಕಿಲ್ಲ. ವರ್ದಿ ಹಾಕಿ ನಿಜವಾಗಿ ದುಡಿದ ದಿನಗಳನ್ನು ಕೂಡಿಸಿದಾಗ ಜವಾನನಿಗೆ 15 ವರ್ಷ, ಅಧಿಕಾರಿಗೆ 20 ವರ್ಷ ಆಗಬೇಕು.

ಹೀಗಿರುವಾಗ ಇದಕ್ಕಾಗಿ ನೌಕರಿ ಬಿಡುವುದು ಬುಡ ಕಡಿದು ಕಾಯಿಗೆ ಕೈಚಾಚಿದ ಹಾಗೆ. ಹುಡುಗನನ್ನು ಕೂರಿಸಿಕೊಂಡು ಒಂದೇ ಮಾತು ಕೇಳಿ: ನಿನಗೆ ಬೇಕಾದದ್ದು ಹನ್ನೆರಡು ತಿಂಗಳ ಪಗಾರವೋ, ವರ್ದಿಯೋ? ಪಗಾರ ಎಂದರೆ ಪೊಲೀಸ್, ಬ್ಯಾಂಕು, ರೈಲ್ವೆ ಪರೀಕ್ಷೆಗಳಿಗೆ ಕೂರಲಿ. ವರ್ದಿ ಎಂದರೆ ಈಗಿನ ನೌಕರಿಯನ್ನು ಗಟ್ಟಿ ಹಿಡಿದುಕೊಂಡೇ ಮುಂದೆ ಹೋಗಲಿ. ಎರಡೂ ಅಂದರೆ? ಹೆಚ್ಚಿನವರು ಹಾಗೇ ಅನ್ನುತ್ತಾರೆ. ಆಗಲೂ ನೌಕರಿ ಬಿಡಬಾರದು. ವಯಸ್ಸಿನ ಅವಸರವಂತೂ ಇಲ್ಲ, 42ರವರೆಗೆ ಅವಕಾಶ ಇದೆ.

ಬಾಗಿಲು ಎರಡಿವೆ. ನಿಮ್ಮ ಮಗ ಒಂದನ್ನಷ್ಟೇ ನೋಡಿದಂತಿದೆ.

ಅವನು ನೋಡದೆ ಬಿಟ್ಟದ್ದು ಅಧಿಕಾರಿಯ ಬಾಗಿಲು. ಪದವಿ ಬೇಕು, ಜೊತೆಗೆ ಸ್ವಂತ ದುಡಿಮೆ ಇರಲೇಬೇಕು. ಅವನು ಬಿಡಲು ಹೊರಟ ನೌಕರಿಯೇ ಇಲ್ಲಿ ಅರ್ಹತೆ! ಖಾಸಗಿ ನೌಕರನಾದರೆ ಮಾಲಕರ ಪ್ರಮಾಣಪತ್ರ, ಸ್ವಂತ ಉದ್ಯೋಗವಾದರೆ ಆದಾಯ ತೋರಿಸುವ ಅಫಿಡವಿಟ್ ಮತ್ತು ಪ್ಯಾನ್ ಕಾರ್ಡ್ ಕೇಳುತ್ತಾರೆ. ಲಿಖಿತ ಪರೀಕ್ಷೆಯಲ್ಲಿ ರೀಸನಿಂಗ್, ಗಣಿತ, ಸಾಮಾನ್ಯ ಜ್ಞಾನ, ಇಂಗ್ಲಿಷ್ ಎಂದು ನಾಲ್ಕು ಭಾಗ. ಪ್ರತಿ ಭಾಗದಲ್ಲೂ 40%, ಒಟ್ಟಿನಲ್ಲಿ 50% ಬರಬೇಕು. ನಮ್ಮ ಕಡೆಯ ಕನ್ನಡ ಮಾಧ್ಯಮದ ಹುಡುಗರು ಲೆಕ್ಕದಲ್ಲಿ ಒಳ್ಳೆಯ ಅಂಕ ತೆಗೆದೂ ಇಂಗ್ಲಿಷಿನ 40ರಲ್ಲಿ ಮುಗ್ಗರಿಸುವುದುಂಟು, ಆಗ ಒಟ್ಟು ಎಷ್ಟಿದ್ದರೂ ವ್ಯರ್ಥ. ಇದಾದ ಮೇಲೆ ಪ್ರಾಥಮಿಕ ಸಂದರ್ಶನ, ಆಮೇಲೆ ಐದು ದಿನದ ಎಸ್‌ಎಸ್‌ಬಿ (ಸೇನಾಧಿಕಾರಿಗಳನ್ನು ಆರಿಸುವ ಮಂಡಳಿಯ ಪರೀಕ್ಷೆ), ವೈದ್ಯಕೀಯ ತಪಾಸಣೆ. ಹುದ್ದೆಗಳು ಬಹಳ ಕಡಿಮೆ, 2023ರ ಅಧಿಸೂಚನೆಯಲ್ಲಿ ಇಡೀ ದೇಶಕ್ಕೆ 19. ಆದರೂ ಒಂದೆರಡು ಸಲ ಬರೆಯಲಿ. ನೌಕರಿ ಮಾಡುತ್ತಲೇ ದಿನಕ್ಕೆ ಒಂದೂವರೆ ತಾಸು ಓದಿದರೆ ಆಗುವ ಕೆಲಸ, ಅಕಾಡೆಮಿ ಬೇಕಿಲ್ಲ.

ಎರಡನೆಯದು ಜವಾನರ ಭರ್ತಿ. 2024ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ನಡೆದಾಗ ಸೇರಿದ ಜನಸಂದಣಿ ನೀವೂ ಟಿವಿಯಲ್ಲಿ ನೋಡಿರಬೇಕು. ಎತ್ತರ 160 ಸೆಂಟಿಮೀಟರ್, ತೂಕ 50 ಕಿಲೋ, ಎದೆ 77, ಉಸಿರು ತುಂಬಿದಾಗ 5 ಹಿಗ್ಗಬೇಕು. ಆಮೇಲೆ 1.6 ಕಿಲೋಮೀಟರ್ ಓಟ, ಬೀಮ್ (ಕಂಬಿ ಹಿಡಿದು ಮೈ ಮೇಲಕ್ಕೆ ಎಳೆದುಕೊಳ್ಳುವುದು), 9 ಅಡಿ ಹಳ್ಳ ಜಿಗಿತ, ಅಂಕುಡೊಂಕು ಹಲಗೆಯ ಮೇಲೆ ನಡಿಗೆ.

ಓಟದಲ್ಲಿ ಎರಡು ಸಲ ಬಿದ್ದನೆಂದರೆ ಕಾರಣ ಬಹುತೇಕ ಮೊದಲ ಸುತ್ತಿನಲ್ಲೇ ಇರುತ್ತದೆ. 5 ನಿಮಿಷ 30 ಸೆಕೆಂಡ್ ಗುರಿ ಇಟ್ಟುಕೊಂಡರೆ 400 ಮೀಟರಿನ ನಾಲ್ಕು ಸುತ್ತಿಗೆ ತಲಾ 82 ಸೆಕೆಂಡ್ ಸಿಗುತ್ತದೆ. ಗುಂಪು ನುಗ್ಗಿದ ರಭಸಕ್ಕೆ ಹುಡುಗರು ಮೊದಲ ಸುತ್ತನ್ನು 70ರಲ್ಲಿ ಓಡಿ, ಮೂರನೆಯದರಲ್ಲಿ ಕಾಲು ಕಲ್ಲಾಗಿ ನಿಲ್ಲುತ್ತಾರೆ. ವಾರಕ್ಕೆ ಒಂದು ದಿನ 82 ಸೆಕೆಂಡಿನ ಸುತ್ತು ಆರು ಸಲ, ನಡುವೆ ಎರಡೆರಡು ನಿಮಿಷ ದಮ್ಮು ತೆಗೆದುಕೊಳ್ಳಲಿ. ಇನ್ನೊಂದು ದಿನ 5 ಕಿಲೋಮೀಟರ್ ನಿಧಾನ, ಮತ್ತೊಂದು ದಿನ ದಿನ್ನೆ ಏರುವುದು. ಹೀಗೆ ಮೂರು ತಿಂಗಳು. ಕುರ್ಚಿಯ ಮೇಲೆ ಕೂತು ಅಭ್ಯಾಸವಾದವನು ಡಾಂಬರು ರಸ್ತೆಯಲ್ಲಿ ದಿನಾ ಓಡಿದರೆ ಮೊಣಕಾಲ ಕೆಳಗಿನ ಎಲುಬು ನೋಯಲು ಶುರುವಾಗುತ್ತದೆ. ಮಣ್ಣಿನ ಹೊಲದ ದಾರಿ ನಿಮ್ಮಲ್ಲೇ ಇದೆಯಲ್ಲ.

ಕಾಗದಪತ್ರದಲ್ಲಿ ಹೆಸರು ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ಅಪ್ಪನ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದರೆ ಗ್ರೌಂಡ್‌ನ ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ. ಈಗಲೇ ತಿದ್ದಿಸಿ.

ಸಹಕಾರಿಯ ಮ್ಯಾನೇಜರ್ ಜೊತೆಗೂ ಮುಂಚೆಯೇ ಮಾತಾಡಲಿ. ಸೇವೆಗೆ ಕರೆದಾಗ ಹೋಗಿ ಬಂದವನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಕಾಯ್ದೆಯಲ್ಲೇ ಇದೆ. ಆದರೆ ಮಾರ್ಚ್ ತಿಂಗಳ ಲೆಕ್ಕದ ಹೊತ್ತಿಗೆ ಮೊದಲ ಬಾರಿ ಕಾಯ್ದೆ ತೋರಿಸಿದರೆ ಯಾರ ಮೋರೆಯೂ ಅರಳುವುದಿಲ್ಲ.

ಇನ್ನು ನಿಮ್ಮ ಯಜಮಾನರು. ಅವರ ಅಂಜಿಕೆ ಸುಳ್ಳಲ್ಲ. ಕರೆ ಗಡಿಗೂ ಬರಬಹುದು, ಕಬ್ಬು ಕಡಿಯುವ ಹಂಗಾಮಿನಲ್ಲೂ ಬರಬಹುದು, ಆಗ ‘ಈಗ ಆಗೂದಿಲ್ರಿ’ ಅನ್ನಲು ಬರುವುದಿಲ್ಲ. ಇದನ್ನು ಮಗನೇ ತನ್ನ ಬಾಯಿಂದ ಅಪ್ಪನಿಗೆ ಹೇಳಲಿ, ಮುಚ್ಚಿಡದೆ. ಆಗ ಕಬ್ಬು ಯಾರು ನೋಡಬೇಕು, ಪೀಕಿನ ಸಾಲದ ಕಂತು ಯಾರು ತುಂಬಬೇಕು ಎಂಬುದನ್ನೂ ಅವನೇ ಲೆಕ್ಕ ಹಾಕಿಕೊಂಡು ಬರಲಿ. ನೀವು ಯಾರ ಕಡೆಯೂ ನಿಲ್ಲಬೇಡಿ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ, ರೊಟ್ಟಿ ಬಡಿಸುತ್ತ ಸುಮ್ಮನಿರಿ.