ಸುಮ್ಮನಿದ್ದ ಮೂರು ತಿಂಗಳು

ತಮ್ಮಾ, ದೈಹಿಕ ಶಿಕ್ಷಣದ ಎಂ.ಪಿ.ಎಡ್. ಮುಗಿದಿದೆ, ಅಮೆರಿಕದಲ್ಲಿ ಎಕ್ಸರ್‌ಸೈಜ್ ಸೈನ್ಸ್ ಪಿಎಚ್.ಡಿ. ಮಾಡಬಹುದಾ, ಖರ್ಚು, ಊಟ, ಇಂಗ್ಲಿಷ್ ಹೇಗೆ, ವಿಷಯ ಯಾವುದು ಆರಿಸಲಿ ಅಂತ ಕೇಳಿದ್ದೀಯ. ಓದುತ್ತಿದ್ದಂತೆ, ಅದೇ ಓದಿಗೆ ನಾನು ಅಮೆರಿಕಕ್ಕೆ ಹೊರಟ 2011ರ ಆಗಸ್ಟ್ ನೆನಪಾಯಿತು. ರಾಯಚೂರು ಸ್ಟೇಷನ್‌ನಲ್ಲಿ ಅಪ್ಪ ನನ್ನ ಸೂಟ್‌ಕೇಸ್‌ಗೆ ಹಗ್ಗ ಬಿಗಿದಿದ್ದರು. ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದ ಕೈ, ಆ ಗಂಟು ಬಿಚ್ಚಲು ಇಲ್ಲಿ ಚಾಕು ಬೇಕಾಯಿತು.

ಊಟದ ಚಿಂತೆ ಬಿಡು. ಜೋಳದ ಹಿಟ್ಟು ಸಿಗುತ್ತದೆ, ರೊಟ್ಟಿ ಬಡಿಯೋದು ಕಲಿತು ಬಾ. ಇಂಗ್ಲಿಷ್ ತಾನಾಗೇ ಬರುತ್ತದೆ. ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಕ್ಕರೆ ಸಾಮಾನ್ಯವಾಗಿ ಫೀಸ್ ಮಾಫಿ, ಕೈಗೂ ಒಂದಿಷ್ಟು ಹಣ. ಕ್ಲಾಸ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. ಹಣದ ಭರವಸೆ ಇಲ್ಲದ ಸೀಟಿಗಾಗಿ ಹೊಲ ಅಡ ಇಡಬೇಡ. ತುಂಬಾ ಕಡೆ ವಿಭಾಗದ ಹೆಸರು ಕಿನೀಸಿಯಾಲಜಿ (ಮೈ ಚಲನೆಯ ವಿಜ್ಞಾನ) ಅಂತಿರುತ್ತದೆ, ಆ ಹೆಸರಲ್ಲೂ ಹುಡುಕು. ಫಿಸಿಯಾಲಜಿ, ಸ್ಟಾಟಿಸ್ಟಿಕ್ಸ್ ಈಗಿಂದಲೇ ಓದು.

ನೀನು ಕೇಳದ ಒಂದು ಮಾತು ಹೇಳಬೇಕು. ನಮ್ಮ ಲ್ಯಾಬ್‌ನಲ್ಲಿ ಉಸಿರು ಅಳೆಯುವ ಯಂತ್ರವಿತ್ತು. ಟ್ರೆಡ್‌ಮಿಲ್ ಮೇಲಿದ್ದವರಿಗೆ ಮಾಸ್ಕ್ ಹಾಕಿ, ಬಳಸಿದ ಆಮ್ಲಜನಕ ಎಷ್ಟು, ಹೊರಬಿಟ್ಟ ಕಾರ್ಬನ್ ಡೈಆಕ್ಸೈಡ್ ಎಷ್ಟು ಅಂತ ನೋಡುತ್ತೇವೆ. ಕಾರ್ಬನ್ ಡೈಆಕ್ಸೈಡನ್ನು ಆಮ್ಲಜನಕದಿಂದ ಭಾಗಿಸಿದರೆ ಸುಮ್ನೆ ಕೂತವರಲ್ಲಿ ಸುಮಾರು 0.8. ಮೈ ಬರೀ ಕೊಬ್ಬು ಉರಿಸಿದರೂ 0.7, ಸಾಮಾನ್ಯವಾಗಿ ಅದಕ್ಕಿಂತ ಕೆಳಗಿಳಿಯುವುದಿಲ್ಲ. ಎರಡನೇ ವರ್ಷ ಒಂದು ಬೆಳಗ್ಗೆ 0.62 ಬಂತು. ಮಾರನೇ ದಿನ ಬಂದವನಿಗೂ ಅಷ್ಟೇ. ಯಂತ್ರ ತಪ್ಪಿದೆ ಅಂತ ನನಗೆ ಗೊತ್ತಾಯಿತು. ಸೀನಿಯರ್ ಒಬ್ಬರು ಪರವಾಗಿಲ್ಲ, ಮುಂದುವರಿಸು ಅಂದರು. ಗೈಡ್‌ಗೆ ನಾನು ಹೇಳಲಿಲ್ಲ. ಹಿರಿಯರು ಅಂದ ಮೇಲೆ ಮುಗಿಯಿತು ಅಂತ ಬೆಳೆದವಳು ನಾನು. ನೀನೂ ಹಾಗೇ ಅಲ್ವಾ?

ಮೂರು ತಿಂಗಳ ಮೇಲೆ ಗೈಡ್ ಅಂಕಿಗಳನ್ನು ನೋಡಿದರು. 11 ಜನರ ಡೇಟಾ ಬಿಸಾಕಬೇಕಾಯಿತು. ಅವರು ಬೈಯಲಿಲ್ಲ. "ನಿನಗೆ ಯಾವಾಗ ಗೊತ್ತಾಯಿತು?" ಅಂತಷ್ಟೇ ಕೇಳಿದರು. ಮೊದಲ ವಾರವೇ ಅಂದೆ. ಆಮೇಲೆ ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಹೋದ ಸಮಯಕ್ಕಿಂತ ಆ 11 ಜನ ನನ್ನನ್ನು ಕಾಡುತ್ತಾರೆ. ಬೆಳಗ್ಗೆ 6ಕ್ಕೆ ಕಾಫಿಯೂ ಕುಡಿಯದೆ ಬಂದು, ಕಾಲು ಸೋಲುವವರೆಗೆ ಓಡಿದವರು. ಒಬ್ಬ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ. ಈಗ ಪ್ರತಿ ಟೆಸ್ಟ್‌ಗೂ ಮುಂಚೆ ಅಳತೆ ಗೊತ್ತಿರುವ ಗ್ಯಾಸ್ ಬಿಟ್ಟು, 3 ಲೀಟರ್ ಸಿರಿಂಜ್‌ನಿಂದ ಗಾಳಿ ತಳ್ಳಿ ಯಂತ್ರವನ್ನು ನಾನೇ ನೋಡುತ್ತೇನೆ. ನೀನು ಅರ್ಜಿ ಹಾಕುವ ಮುಂಚೆ ಗೈಡ್‌ಗೆ ಮೇಲ್ ಬರೆ. ಅವರ ಹಳೇ ವಿದ್ಯಾರ್ಥಿಗಳನ್ನೂ ವಿಚಾರಿಸು: ತಪ್ಪಿದೆ ಅಂತ ಹೇಳಿದರೆ ಕೇಳಿಸಿಕೊಳ್ಳುತ್ತಾರಾ ಅಂತ.

ವಿಷಯದ ಮಾತು. ಕೊನೆಗೆ ನನ್ನ ಥೀಸಿಸ್ ಬಿಸಿಲಿನ ಮೇಲಾಯಿತು. ರೂಮನ್ನು 40 ಡಿಗ್ರಿಗೆ ಕಾಯಿಸಿದ ದಿನ ಉಳಿದವರೆಲ್ಲ ಹೊರಗೆ ಹೋದರು, ನಾನು ಸ್ವಲ್ಪ ಹೊತ್ತು ಒಳಗೇ ನಿಂತೆ. ದಿನಾ ಬಿಸಿಯಲ್ಲಿ ದುಡಿದರೆ 10ರಿಂದ 14 ದಿನದಲ್ಲಿ ಮೈ ಹೊಂದಿಕೊಳ್ಳುತ್ತದೆ, ಬೆವರು ಬೇಗ ಶುರುವಾಗುತ್ತದೆ. ಅದನ್ನು ಇಲ್ಲಿನ ಹುಡುಗರಲ್ಲಿ ಅಳೆದೆ. ಮೇ ತಿಂಗಳಲ್ಲಿ ಗಂಜ್‌ನಲ್ಲಿ ಚೀಲ ಹೊರುವವರಲ್ಲಿ ಅಳೆಯಬೇಕು ಅಂತಿದ್ದೆ, ಆಗಲಿಲ್ಲ. ಅಪ್ಪನೂ ಈಗಿಲ್ಲ. ನೀನು ಅದನ್ನೇ ಯೋಚನೆ ಮಾಡಿ ನೋಡು.