ಮಿಷಿಗನ್ ಮತ್ತು ಒಹಾಯೊ ಸ್ಟೇಟ್ ನಡುವಿನ ಫುಟ್‌ಬಾಲ್ ಪಂದ್ಯಗಳಲ್ಲಿ ಜನ ಇವತ್ತಿಗೂ ನೆನೆಯುವಂಥವು ಯಾವುವು?

ಮಗಳು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಇರುವ ಕೊಲಂಬಸ್‌ನಲ್ಲಿ ಎಂಎಸ್‌ಗೆ ಸೇರಿದ್ದಾಳೆ, ನವೆಂಬರ್ ಕೊನೆಯ ವಾರ ಕ್ಯಾಂಪಸ್ಸಿನ ಬೋರ್ಡುಗಳ ಮೇಲಿನ ‘ಎಂ’ ಅಕ್ಷರಗಳಿಗೆಲ್ಲ ಕೆಂಪು ಟೇಪ್ ಅಂಟಿಸಿದ್ದ ಫೋಟೊ ಕಳಿಸಿದ್ದಾಳೆ, ಒಂದು ಕಾಲೇಜು ಆಟಕ್ಕೆ ಇಷ್ಟೊಂದು ಹಗೆ ಯಾಕೆ, ಅದರ ಹಿಂದೆ ಯಾವ ಪಂದ್ಯಗಳಿವೆ ಅಂತ ಕೇಳಿದ್ದೀರಿ.

ಗಾಬರಿ ಬೇಡ, ಅಲ್ಲಿ ಪ್ರತಿ ವರ್ಷವೂ ಇದು ಇದ್ದದ್ದೇ. ಮಿಷಿಗನ್ ಹೆಸರು ಶುರುವಾಗುವುದು ‘ಎಂ’ನಿಂದ, ಹಾಗಾಗಿ ಆ ವಾರ ಆ ಅಕ್ಷರಕ್ಕೆ ಬಹಿಷ್ಕಾರ. ಕಟ್ಟಾ ಅಭಿಮಾನಿಗಳು ಮಿಷಿಗನ್ ಎಂಬ ಹೆಸರನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ‘ಉತ್ತರದ ಕಡೆಯ ಆ ತಂಡ’ ಅಂತಾರೆ. ನಾನಿರುವುದು ಡೆಟ್ರಾಯಿಟ್ ಪಕ್ಕ, ಕೆಲಸ ಕಾರುಗಳದ್ದು, ಆದ್ದರಿಂದ ನಾನು ಮಿಷಿಗನ್ ಕಡೆಯವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ವಿಷಯದಲ್ಲಿ ನಡುವೆ ನಿಂತು ಮಾತಾಡುವ ಮನುಷ್ಯ ನನಗಂತೂ ಇನ್ನೂ ಸಿಕ್ಕಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಇದು ನಮ್ಮ ಕಾಲ್ಚೆಂಡಾಟ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ ಆಟ. ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದಕ್ಕೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ. ಆಗುವುದಿಲ್ಲ ಅನ್ನಿಸಿದರೆ ಚೆಂಡನ್ನು ಒದ್ದು ದೂರ ಕಳಿಸಿ ಎದುರಾಳಿಗೆ ಬಿಟ್ಟುಕೊಡುತ್ತಾರೆ, ಅದಕ್ಕೆ ಪಂಟ್ ಅಂತ ಹೆಸರು. ಎದುರಾಳಿಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಅದರ ಬೆನ್ನಿಗೇ ಕಂಬಗಳ ನಡುವೆ ಒದ್ದು ಇನ್ನೊಂದು ಅಂಕ, ಇಲ್ಲವೇ ಮತ್ತೊಮ್ಮೆ ಗೆರೆ ದಾಟಿ ಎರಡಂಕ ಪಡೆಯಬಹುದು. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಇಷ್ಟು ಸಾಕು.

ಜಗಳ ಫುಟ್‌ಬಾಲ್‌ಗಿಂತ ಹಳೆಯದು. 1835–36ರಲ್ಲಿ ಟೊಲೀಡೊ ಊರು ಯಾರಿಗೆ ಸೇರಬೇಕು ಅಂತ ಎರಡೂ ಕಡೆಯವರು ಗಡಿಗೆ ಸೇನೆ ಕಳಿಸಿದ್ದರು. ಗಡಿ ತಂಟೆ ಅಂದರೇನು ಅಂತ ಬೆಳಗಾವಿ ಹೆಸರು ಕೇಳಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಟೊಲೀಡೊ ಒಹಾಯೊಗೆ ಹೋಯಿತು, ಮಿಷಿಗನ್‌ಗೆ ಸಮಾಧಾನಕ್ಕೆಂದು ಉತ್ತರದ ಕಾಡುನೆಲ ಸಿಕ್ಕಿತು. ಆಮೇಲೆ ಆ ಕಾಡಿನಲ್ಲಿ ತಾಮ್ರ, ಕಬ್ಬಿಣ ಎಲ್ಲ ಸಿಕ್ಕಿದ್ದು ಬೇರೆ ಕಥೆ. ಫುಟ್‌ಬಾಲ್‌ನಲ್ಲಿ ಮೊದಲ ಬಾರಿ ಎದುರಾದದ್ದು 1897ರಲ್ಲಿ, ಮಿಷಿಗನ್ 34–0ರಿಂದ ಗೆದ್ದಿತು. 1918ರಿಂದ ಪ್ರತಿ ವರ್ಷ ಆಡುತ್ತಾ ಬಂದಿದ್ದಾರೆ. ತಪ್ಪಿದ್ದು 2020ರಲ್ಲಿ, ಕೋವಿಡ್‌ನಿಂದ.

ಇನ್ನು ಪಂದ್ಯಗಳು. ಇಷ್ಟು ವರ್ಷ ಇವರ ಮಾತು ಕೇಳಿದ ಮೇಲೆ ನನಗೆ ಅನ್ನಿಸಿದ್ದು ಏನೆಂದರೆ, ಈ ಪಂದ್ಯಗಳನ್ನು ಜೀವಂತವಾಗಿ ಇಟ್ಟುಕೊಂಡಿರುವವರು ಸೋತವರು. ಗೆದ್ದವರು ಸ್ಕೋರ್ ಹೇಳಿ ಸುಮ್ಮನಾಗುತ್ತಾರೆ. ಸೋತವರ ಹತ್ತಿರ ಕೇಳಿ ನೋಡಿ, ಯಾವ ನಿಮಿಷದಲ್ಲಿ ಯಾರು ಎಲ್ಲಿ ನಿಂತಿದ್ದರು ಎನ್ನುವುದರಿಂದ ಶುರುಮಾಡುತ್ತಾರೆ.

1950ರ ‘ಸ್ನೋ ಬೌಲ್’ ತಗೊಳ್ಳಿ. ನವೆಂಬರ್ 25, ಕೊಲಂಬಸ್. ಹಿಮದ ಬಿರುಗಾಳಿ, ಮೈದಾನದ ಗೆರೆಗಳೇ ಕಾಣುತ್ತಿರಲಿಲ್ಲ. ಪಂದ್ಯ ರದ್ದು ಮಾಡಬೇಕೇ ಅಂತ ಚರ್ಚೆ ನಡೆದು, ಕೊನೆಗೆ ಆಡಿಯೇಬಿಟ್ಟರು. ಅಂಥ ಚಳಿಯಲ್ಲೂ 50,503 ಜನ ಬಂದು ಕೂತಿದ್ದರು. ಬೆರಳು ಮರಗಟ್ಟಿ ಚೆಂಡು ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಹಾಗಾಗಿ ಎರಡೂ ತಂಡಗಳು ಚೆಂಡು ಸಿಕ್ಕಿದ ಕೂಡಲೇ ಒದ್ದು ಎದುರಾಳಿಯ ಕಡೆಗೆ ದಬ್ಬತೊಡಗಿದವು: ನೀನೇ ತಪ್ಪು ಮಾಡು ಅಂತ. ಒಟ್ಟು 45 ಪಂಟ್, ಅದರಲ್ಲಿ 24 ಮಿಷಿಗನ್‌ನ ಚಕ್ ಓರ್ಟ್‌ಮನ್ ಒಬ್ಬನವೇ. ಅಂಥದ್ದರಲ್ಲೂ ಒಹಾಯೊದ ವಿಕ್ ಜಾನೊವಿಚ್ ಕಂಬಗಳೂ ಸರಿಯಾಗಿ ಕಾಣದ ಹಿಮದಲ್ಲಿ ಒಂದು ಫೀಲ್ಡ್ ಗೋಲ್ ಹೊಡೆದ. 3–0. ಆಮೇಲೆ ಅವರದೇ ಒಂದು ಪಂಟ್ ತಡೆಹಿಡಿದು ಮಿಷಿಗನ್ 2 ಅಂಕ ಗಳಿಸಿತು. ಅರ್ಧ ವೇಳೆಗೆ 47 ಸೆಕೆಂಡು ಉಳಿದಿತ್ತು. ಚೆಂಡು ಒಹಾಯೊ ಕೈಯಲ್ಲಿ, ತಮ್ಮದೇ ಗೆರೆಯ ಹತ್ತಿರ, ಮೂರನೇ ಪ್ರಯತ್ನ. ಚೆಂಡನ್ನು ತಬ್ಬಿಕೊಂಡು ನೆಲಕ್ಕೆ ಬಿದ್ದು ಸಮಯ ಕಳೆದಿದ್ದರೆ ಆಗುತ್ತಿತ್ತು. ಆದರೆ ಮತ್ತೆ ಒದ್ದರು. ಟೋನಿ ಮಾಮ್ಸನ್ ಅಡ್ಡ ನುಗ್ಗಿ ತಡೆದು, ಗೆರೆಯಾಚೆ ಉರುಳಿದ ಚೆಂಡಿನ ಮೇಲೆ ಬಿದ್ದ. ಟಚ್‌ಡೌನ್. ಕೊನೆಗೆ 9–3. ಇಡೀ ಪಂದ್ಯದಲ್ಲಿ ಮಿಷಿಗನ್ ಒಂದು ಸಲವೂ ಹತ್ತು ಗಜ ದಾಟಲಿಲ್ಲ, ಎಸೆದ ಒಂದು ಚೆಂಡನ್ನೂ ಹಿಡಿಯಲಿಲ್ಲ, ಆದರೂ ಗೆದ್ದು ರೋಸ್ ಬೌಲ್‌ಗೆ (ಋತು ಮುಗಿದ ಮೇಲೆ ಆಯ್ದ ತಂಡಗಳು ಆಡುವ ‘ಬೌಲ್’ ಪಂದ್ಯಗಳಲ್ಲಿ ಹೆಸರಾದದ್ದು) ಹೋಯಿತು.

ಈ ಮಾಮ್ಸನ್ ಟೊಲೀಡೊ ಹುಡುಗ. ಅವನ ಒಡಹುಟ್ಟಿದವನು ಬಾಬ್ ಅದೇ ಪಂದ್ಯದಲ್ಲಿ ಒಹಾಯೊ ಸ್ಟೇಟ್ ಪರ ಆಡುತ್ತಿದ್ದ! ಆ ಮನೆಯಲ್ಲಿ ಆ ವರ್ಷದ ಕ್ರಿಸ್‌ಮಸ್ ಊಟ ಹೇಗಿತ್ತೋ. ಮೂರನೇ ಪ್ರಯತ್ನದಲ್ಲೇ ಯಾಕೆ ಒದ್ದರು ಎಂಬ ಪ್ರಶ್ನೆ ಒಹಾಯೊ ಕೋಚ್ ವೆಸ್ ಫೆಸ್ಲರ್‌ರನ್ನು ಬಿಡಲಿಲ್ಲ. ಅವರು ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದವರು ವುಡಿ ಹೇಯ್ಸ್. ಮಿಷಿಗನ್ ಆ ಹಿಮದಲ್ಲಿ ಗೆದ್ದು ತನ್ನ ಶನಿಯನ್ನು ತಾನೇ ಕರೆದುಕೊಂಡಿತು ಅನ್ನಬೇಕು.

ಹೇಯ್ಸ್ ಎಂಥ ಆಸಾಮಿ ಅಂದರೆ, ಮಿಷಿಗನ್ ನೆಲದಲ್ಲಿ ಕಾರಿಗೆ ಪೆಟ್ರೋಲ್ ಹಾಕಿಸುವುದಿಲ್ಲ, ಬೇಕಾದರೆ ಗಡಿಯವರೆಗೆ ತಳ್ಳಿಕೊಂಡು ಹೋಗ್ತೀನಿ ಅಂದಿದ್ದರು ಅಂತ ಕಥೆ ಇದೆ. 1968ರಲ್ಲಿ 50–14ರಿಂದ ಗೆಲ್ಲುತ್ತಿದ್ದಾಗಲೂ ಕೊನೆಯಲ್ಲಿ ಒಂದಂಕದ ಒದೆ ಬಿಟ್ಟು ಎರಡಂಕಕ್ಕೆ ಹೋದರು. ಯಾಕೆ ಅಂತ ಕೇಳಿದ್ದಕ್ಕೆ ‘ಮೂರಕ್ಕೆ ಹೋಗೋಕೆ ನಿಯಮ ಬಿಡಲಿಲ್ಲ’ ಅಂದರಂತೆ. ನಿಜವಾಗಿ ಅಂದರೋ ಇಲ್ಲವೋ, ಮಿಷಿಗನ್‌ನಲ್ಲಿ ಆ ಮಾತು ಉಳಿದುಕೊಂಡಿತು. ಮರುವರ್ಷ ಮಿಷಿಗನ್‌ಗೆ ಕೋಚ್ ಆಗಿ ಬಂದವರು ಬೋ ಷೆಂಬೆಕ್ಲರ್: ಹುಟ್ಟಿದ್ದು ಒಹಾಯೊದಲ್ಲಿ, ಹೇಯ್ಸ್ ಕೈಕೆಳಗೇ ಆಡಿ, ಅವರಿಗೇ ಸಹಾಯಕ ಕೋಚ್ ಆಗಿದ್ದವರು. ಒಹಾಯೊ ಸತತ 22 ಪಂದ್ಯ ಗೆದ್ದು ದೇಶಕ್ಕೇ ನಂಬರ್ ಒನ್ ಆಗಿ ಮಿಷಿಗನ್ ತಂಡದ ಊರು ಆನ್ ಆರ್ಬರ್‌ಗೆ ಬಂತು. ಮಿಷಿಗನ್ 24–12. ಬ್ಯಾರಿ ಪಿಯರ್ಸನ್ ಒಬ್ಬನೇ ಮೂರು ಸಲ ಎದುರಾಳಿ ಎಸೆದ ಚೆಂಡನ್ನು ಕಸಿದುಕೊಂಡ. ಅಲ್ಲಿಂದ 1978ರವರೆಗಿನದನ್ನು ‘ಹತ್ತು ವರ್ಷದ ಯುದ್ಧ’ ಅಂತಾರೆ. ಶಿಷ್ಯನಿಗೆ 5, ಗುರುವಿಗೆ 4, ಒಂದು ಸಮ.

ಆ ಒಂದು ಸಮ ಇದೆಯಲ್ಲ, 1973ರ 10–10, ಅದೇ ನನ್ನ ಕಚೇರಿಯ ಹಳಬರ ಹೊಟ್ಟೆ ಇವತ್ತಿಗೂ ಉರಿಸುವುದು. ಎರಡೂ ತಂಡ ಸೋಲೇ ಕಾಣದೆ ಬಂದಿದ್ದವು. ಮಿಷಿಗನ್ 0–10ರಿಂದ ಹಿಂದೆ ಬಿದ್ದು ಸಮ ಮಾಡಿತು. ಕೊನೆಯಲ್ಲಿ ಮೈಕ್ ಲ್ಯಾಂಟ್ರಿ ಒದ್ದ ಎರಡು ಫೀಲ್ಡ್ ಗೋಲ್ ತಪ್ಪಿದವು. ಆಗಿನ ನಿಯಮದ ಪ್ರಕಾರ ಈ ಎರಡೂ ತಂಡ ಇರುವ ಬಿಗ್ ಟೆನ್ ಒಕ್ಕೂಟದಿಂದ ಒಂದೇ ತಂಡ ರೋಸ್ ಬೌಲ್‌ಗೆ. ಉಳಿದವರು ಬೇರೆ ಯಾವ ಬೌಲ್ ಪಂದ್ಯಕ್ಕೂ ಹೋಗುವಂತಿಲ್ಲ. ಯಾರನ್ನು ಕಳಿಸಬೇಕು ಅಂತ ಮರುದಿನ ಒಕ್ಕೂಟದ ಕಾಲೇಜುಗಳ ಕ್ರೀಡಾ ನಿರ್ದೇಶಕರು ಮತ ಹಾಕಿದರು. ಹಿಂದಿನ ವರ್ಷ ಒಹಾಯೊ ಹೋಗಿತ್ತು, ಈ ಸಲ ಮಿಷಿಗನ್ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಬಂದದ್ದು 6–4, ಒಹಾಯೊ ಪರ! ಮಿಷಿಗನ್ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಡೆನ್ನಿಸ್ ಫ್ರಾಂಕ್ಲಿನ್‌ನ ಕೊರಳ ಮೂಳೆ ಆ ಪಂದ್ಯದಲ್ಲಿ ಮುರಿದಿತ್ತು. ಅವನಿಲ್ಲದ ತಂಡ ಕಳಿಸಿ ಮಾನ ಕಳೆದುಕೊಳ್ಳುವುದು ಬೇಡ ಅನ್ನುವ ಲೆಕ್ಕ. ಒಹಾಯೊ ಹೋಗಿ ಗೆದ್ದೂ ಬಂತು, ಆದ್ದರಿಂದ ಆ ಲೆಕ್ಕ ತಪ್ಪು ಅಂತ ವಾದಿಸಲೂ ಬಾಯಿಲ್ಲ. 1974ರಲ್ಲಿ ಕೊಲಂಬಸ್‌ನಲ್ಲಿ 12–10, ಕೊನೆಯ ಸೆಕೆಂಡುಗಳಲ್ಲಿ ಮತ್ತೆ ಅದೇ ಲ್ಯಾಂಟ್ರಿ, ಮತ್ತೆ ತಪ್ಪಿತು. ವಿಯೆಟ್ನಾಂ ಯುದ್ಧ ಮುಗಿಸಿ ಬಂದಿದ್ದ ಮನುಷ್ಯ. ಆ ಒದೆ ಕಂಬದ ಒಳಗೇ ಹೋಗಿತ್ತು ಅಂತ ಆಣೆ ಹಾಕಿ ಹೇಳುವವರು ಈಗಲೂ ಇದ್ದಾರೆ. 1972ರಿಂದ 74ರವರೆಗೆ ಮೂರು ವರ್ಷದಲ್ಲಿ ಮಿಷಿಗನ್‌ಗೆ 30 ಗೆಲುವು, 2 ಸೋಲು, 1 ಸಮ. ಒಂದು ಬೌಲ್ ಪಂದ್ಯವೂ ಇಲ್ಲ. ಆಮೇಲೆ ನಿಯಮ ಸಡಿಲವಾಯಿತು.

ಒಹಾಯೊದವರ ಗಾಯ ಬೇರೆ ರೀತಿಯದು. 1991ರಲ್ಲಿ ಡೆಸ್ಮಂಡ್ ಹೋವರ್ಡ್ ಒಂದು ಪಂಟ್ ಹಿಡಿದು 93 ಗಜ ಓಡಿ, ಗೆರೆ ದಾಟಿದ ಮೇಲೆ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಪ್ರತಿಮೆಯ ಥರ ಒಂದು ಕಾಲೆತ್ತಿ ಕೈ ಚಾಚಿ ನಿಂತ. ಆ ವರ್ಷದ ಹೈಸ್‌ಮನ್ ಅವನಿಗೇ ಬಂತು. 1997ರಲ್ಲಿ ಚಾರ್ಲ್ಸ್ ವುಡ್‌ಸನ್ 78 ಗಜ ಪಂಟ್ ವಾಪಸ್ ತಂದ, ಗೆರೆಯೊಳಗೆ ಒಹಾಯೊ ಎಸೆದ ಚೆಂಡು ಕಸಿದ, ಮಿಷಿಗನ್ 20–14, ಅವನಿಗೂ ಹೈಸ್‌ಮನ್. ಇಬ್ಬರೂ ಒಹಾಯೊದಲ್ಲಿ ಬೆಳೆದ ಹುಡುಗರು. ಮನೆಮಗ ಪಕ್ಕದ ರಾಜ್ಯಕ್ಕೆ ಹೋಗಿ ಹೀಗೆ ಮಾಡಿದ್ದನ್ನು ಅವರು ಕ್ಷಮಿಸಿಲ್ಲ. ಆ ಕಾಲದ ಕೋಚ್ ಜಾನ್ ಕೂಪರ್ ಮಿಷಿಗನ್ ಎದುರು ಆಡಿಸಿದ 13ರಲ್ಲಿ ಗೆದ್ದದ್ದು ಎರಡೇ. 1995, 1996 ಎರಡೂ ವರ್ಷ ಸೋಲಿಲ್ಲದೆ ಬಂದು ಸೋತರು. 1995ರಲ್ಲಿ ಟಿಮ್ ಬಿಯಾಕಬುಟುಕ 313 ಗಜ ಓಡಿದ. ಮರುವರ್ಷ ಅವರ ಅತ್ಯುತ್ತಮ ರಕ್ಷಕ ಶಾನ್ ಸ್ಪ್ರಿಂಗ್ಸ್ ಕಾಲು ಜಾರಿ ಬಿದ್ದು 69 ಗಜದ ಟಚ್‌ಡೌನ್ ಹೋಯಿತು, 13–9. ಅದಕ್ಕೇ 2001ರ ಜನವರಿಯಲ್ಲಿ ಹೊಸ ಕೋಚ್ ಜಿಮ್ ಟ್ರೆಸಲ್ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯದ ಬಿಡುವಿನಲ್ಲಿ ಮೈಕ್ ಹಿಡಿದು, ಇನ್ನು 310 ದಿನಕ್ಕೆ ಆನ್ ಆರ್ಬರ್‌ನಲ್ಲಿ ನಮ್ಮ ಹುಡುಗರ ಬಗ್ಗೆ ನಿಮಗೆ ಹೆಮ್ಮೆ ಆಗುತ್ತೆ ಅಂದಾಗ ಜನ ಎದ್ದು ಕುಣಿದದ್ದು. ಮಾತು ಉಳಿಸಿಕೊಂಡರು ಕೂಡ, 26–20.

2006ನ್ನು ಇಬ್ಬರೂ ಮೆಲುದನಿಯಲ್ಲಿ ನೆನೆಯುತ್ತಾರೆ. ನಂಬರ್ ಒನ್ ಮತ್ತು ನಂಬರ್ ಟು, ಇಬ್ಬರೂ 11–0 (ಅಂದರೆ 11 ಗೆಲುವು, ಸೋಲೇ ಇಲ್ಲ). ಹಿಂದಿನ ದಿನ ನವೆಂಬರ್ 17ರಂದು ಷೆಂಬೆಕ್ಲರ್ ತೀರಿಕೊಂಡರು. ಕೊಲಂಬಸ್‌ನ ಮೈದಾನದಲ್ಲೇ ಅವರಿಗೆ ಗೌರವ ಸಲ್ಲಿಸಿದರು. ಒಹಾಯೊ 42–39.

ಇನ್ನು 2016. ಆ ದಿನ ನಮ್ಮ ಮನೆಯಲ್ಲಿ ಎರಡೂ ಪಾಳಯ ಇತ್ತು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಕೊಲಂಬಸ್ ಕಡೆಯ ನಮ್ಮ ಗೆಳೆಯರ ಕುಟುಂಬ ಬಂದಿತ್ತು. ಪಂದ್ಯ ಆ ರಜೆಯ ಶನಿವಾರವೇ ಬೀಳುವುದರಿಂದ ಇಲ್ಲಿನ ಕನ್ನಡದವರ ಮನೆಗಳಲ್ಲಿ ಇದು ಮಾಮೂಲು. ಪಂದ್ಯ ಎರಡನೇ ಓವರ್‌ಟೈಮ್‌ಗೆ ಹೋಯಿತು, ಮಿಷಿಗನ್ 27–24 ಮುಂದೆ. ಒಹಾಯೊಗೆ ನಾಲ್ಕನೇ ಪ್ರಯತ್ನ, ಬೇಕಿದ್ದದ್ದು ಒಂದು ಗಜ. ಸಿಗದಿದ್ದರೆ ಪಂದ್ಯ ಅಲ್ಲೇ ಮುಗಿಯುತ್ತದೆ. ಕ್ವಾರ್ಟರ್‌ಬ್ಯಾಕ್ ಜೆ.ಟಿ. ಬ್ಯಾರೆಟ್ ಎಡಕ್ಕೆ ನುಗ್ಗಿದ, ಡೆಲಾನೊ ಹಿಲ್ ಬಂದು ಅಪ್ಪಳಿಸಿದ, ಬ್ಯಾರೆಟ್ ತನ್ನದೇ ತಂಡದವನ ಬೆನ್ನಿಗೆ ಡಿಕ್ಕಿಯಾಗಿ ಬಿದ್ದ. ಚೆಂಡು ಆ ಒಂದು ಗಜದ ಗೆರೆ ಮುಟ್ಟಿತೇ? ರೆಫರಿ ಮುಟ್ಟಿತು ಅಂದರು. ವಿಡಿಯೊ ನೋಡಿದರು, ತೀರ್ಪು ನಿಂತಿತು. ಮುಂದಿನ ಆಟದಲ್ಲೇ ಕರ್ಟಿಸ್ ಸ್ಯಾಮ್ಯುಯೆಲ್ 15 ಗಜ ಓಡಿ ಮುಗಿಸಿಬಿಟ್ಟ, 30–27. ನಮ್ಮ ಕೋಚ್ ಜಿಮ್ ಹಾರ್ಬಾ (ಇವರೂ ಹುಟ್ಟಿದ್ದು ಟೊಲೀಡೊದಲ್ಲೇ) ಪತ್ರಕರ್ತರ ಮುಂದೆ ಕೈಗಳನ್ನು ಅಗಲಿಸಿ ಇಷ್ಟು ಕಡಿಮೆ ಇತ್ತು ಅಂತ ತೋರಿಸಿದರು. ಆ ದಿನ ನನ್ನ ಗೆಳೆಯ ಮಾತೇ ಆಡದೆ ಅವಲಕ್ಕಿ ಚೂಡಾ ತಿನ್ನುತ್ತಿದ್ದದ್ದು ನನಗೆ ಸೋಲಿಗಿಂತ ಹೆಚ್ಚು ಉರಿಸಿತು. ಬ್ಯಾರೆಟ್ ಬೀಳುವ ಕ್ಷಣದ ಚಿತ್ರಕ್ಕೆ ಕೆಂಪು ಗೆರೆ ಎಳೆದು ಮಿಷಿಗನ್ ಅಭಿಮಾನಿಗಳು ಎಷ್ಟು ಹಂಚಿದರೆಂದರೆ, ನನ್ನ ಫೋನಿನಲ್ಲಿ ಅದು ಈಗಲೂ ಇದೆ.

ನಮಗೆ ಉಸಿರು ಬಂದದ್ದು 2021ರಲ್ಲಿ. ಸತತ ಎಂಟು ಸೋಲಿನ ನಂತರ 42–27, ಬೀಳುವ ಹಿಮದಲ್ಲಿ ಹಸನ್ ಹ್ಯಾಸ್ಕಿನ್ಸ್ ಐದು ಟಚ್‌ಡೌನ್. 2022, 2023 ಕೂಡ ನಮ್ಮದೇ. ಕೊಲಂಬಸ್‌ನಲ್ಲಿ ಕೇಳಿದರೆ ಈ ಗೆಲುವುಗಳೆಲ್ಲ ಎದುರಾಳಿ ಕೋಚ್‌ಗಳ ಕೈಸನ್ನೆ ಕದ್ದು ಸಂಪಾದಿಸಿದವು ಅಂತಾರೆ. ಆ ಹಗರಣದಲ್ಲಿ ಹಾರ್ಬಾ 2023ರ ಪಂದ್ಯಕ್ಕೆ ಮೈದಾನಕ್ಕೆ ಇಳಿಯುವಂತಿರಲಿಲ್ಲ, ಅದು ನಿಜ. ಅವರಿಲ್ಲದೆಯೂ 30–24 ಗೆದ್ದೆವು, ಅದೂ ನಿಜ.

ಕೊನೆಗೆ 2024. ಒಹಾಯೊ 10–1, ದೇಶದಲ್ಲಿ ಎರಡನೇ ಸ್ಥಾನ. ನಮ್ಮದು 6–5, ಮುಖ್ಯ ಆಟಗಾರರು ಗಾಯಗೊಂಡು ಹೊರಗೆ, ಎಸೆಯಲು ನೆಟ್ಟಗೊಬ್ಬ ಕ್ವಾರ್ಟರ್‌ಬ್ಯಾಕ್ ಇಲ್ಲ. ನಾನು ಟಿವಿ ಹಾಕಿದ್ದೇ ಅಭ್ಯಾಸಬಲದಿಂದ. ಒಹಾಯೊದವರು ಎರಡು ಫೀಲ್ಡ್ ಗೋಲ್ ತಪ್ಪಿಸಿಕೊಂಡರು, ನಮ್ಮ ಡಾಮಿನಿಕ್ ಜ್ವಾಡಾ 45 ಸೆಕೆಂಡು ಇರುವಾಗ ಒಂದು ಹೊಡೆದ, 13–10. ಆಮೇಲೆ ನಮ್ಮ ಹುಡುಗರು ಅವರ ಮೈದಾನದ ನಡುವೆ ಬಾವುಟ ನೆಡಲು ಹೋಗಿ ಕೈಕೈ ಮಿಲಾಯಿಸಿ, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆಯುವಂತಾಯಿತು. ಅದು ನನಗೆ ಹಿಡಿಸಲಿಲ್ಲ, ಗೆದ್ದ ಮೇಲೆ ಅದು ಬೇಕಿರಲಿಲ್ಲ.

ತಮಾಷೆ ಏನೆಂದರೆ, ಎರಡು ತಿಂಗಳೊಳಗೆ ಅದೇ ಒಹಾಯೊ ಸ್ಟೇಟ್ ನೋಟರ್ ಡೇಮ್‌ನ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ನಾನು ಗೆಳೆಯನಿಗೆ ಫೋನ್ ಮಾಡಿ ಮನಸಾರೆ ಅಭಿನಂದನೆ ಹೇಳಿದೆ. ‘ಥ್ಯಾಂಕ್ಸ್ ಕಣೋ’ ಅಂದ. ಉಸಿರು ಎಳೆದುಕೊಂಡು, ‘ಆದ್ರೆ ಹೇಳು, ಹೊರಗಡೆ ಜೆರೆಮಯ್ ಸ್ಮಿತ್ ಅಂಥ ಹುಡುಗ ನಿಂತಿದ್ದಾನೆ, ಅವನಿಗೆ ಎಸೆಯೋದು ಬಿಟ್ಟು ಇಡೀ ಮಧ್ಯಾಹ್ನ ನಿಮ್ಮ ಆ ಇಬ್ಬರು ದಾಂಡಿಗರ ನಡುವೆ ಯಾಕೋ ನುಗ್ಗಿದ್ರು?’ ಅಂತ ಶುರುಮಾಡಿದ. ಫೋನ್ ಇಟ್ಟಾಗ ಮುಕ್ಕಾಲು ಗಂಟೆ ಆಗಿತ್ತು. ಚಾಂಪಿಯನ್‌ಶಿಪ್ ಮಾತು ಇನ್ನೊಮ್ಮೆ ಬರಲೇ ಇಲ್ಲ.